ಲಾವಾ ಶಿಲೆಗಳಲ್ಲಿ ಭೂಕಾಂತಕ್ಷೇತ್ರ ವಿಪರ್ಯಯದ ದಾಖಲೆ: ಕರ್ನಾಟಕದ ನಿದರ್ಶನಗಳ ಒಂದು ವಿಮರ್ಶೆ

1. ಪ್ರವೇಶ

ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಗಂಗ ಅರಸ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದಿತು. ಆ ಶಾಸನದಲ್ಲಿ ಶಕವರ್ಷದ ಉಲ್ಲೇಖವಿಲ್ಲ. ಅರಸನ ಹೆಸರನ್ನೂ ಲಿಪಿಯ ಸ್ವರೂಪವನ್ನೂ ಆಧರಿಸಿ ವಿದ್ವಾಂಸರು ಅದನ್ನು ಕ್ರಿ.ಶ. ಸುಮಾರು 750ಕ್ಕೆ ಸೇರಿಸಿದ್ದಾರೆ. ನಮ್ಮ ಶಾಸನಗಳಲ್ಲಿ ಇನ್ನೊಂದು ಬಗೆಯವೂ ಇವೆ. ಅವುಗಳಲ್ಲಿ ಸಂವತ್ಸರದ ಹೆಸರಷ್ಟೇ ಇರುತ್ತದೆ, ಶಕವರ್ಷವಿರುವುದಿಲ್ಲ. ಅದೇ ಸಂವತ್ಸರ 60 ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ, ಅರಸನ ಹೆಸರೋ ಗ್ರಹಣದ ಉಲ್ಲೇಖವೋ ಜೊತೆಗಿಲ್ಲದೆ ಅಂಥ ಶಾಸನದ ಕಾಲವನ್ನು ಹೇಳಲಾಗದು. ಈ ಎಚ್ಚರಿಕೆ ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿಯೇ ದೊರೆಯುತ್ತದೆ.

ಪ್ರಾಚೀನ ಲಾವಾ ಶಿಲೆಗಳಲ್ಲಿ ಅಡಗಿರುವ ಭೂಕಾಂತಕ್ಷೇತ್ರದ ದಾಖಲೆಯನ್ನು ಓದುವವರಿಗೂ ಇದೇ ಎಚ್ಚರಿಕೆ ಬೇಕು. ಆ ದಾಖಲೆಯ ಲಿಪಿಯಲ್ಲಿರುವುದು ಎರಡೇ ಅಕ್ಷರಗಳು: ಕ್ಷೇತ್ರ ಇಂದಿನ ದಿಕ್ಕಿನಲ್ಲಿತ್ತು, ಅಥವಾ ಅದಕ್ಕೆ ವಿರುದ್ಧವಾದ ದಿಕ್ಕಿನಲ್ಲಿತ್ತು. ಈ ಎರಡು ಅಕ್ಷರಗಳು ಭೂಮಿಯ ಚರಿತ್ರೆಯಲ್ಲಿ ನೂರಾರು ಸಲ ಮರುಕಳಿಸಿವೆ. ಆದುದರಿಂದ ವಿಪರ್ಯಯದ ದಾಖಲೆ ತಾನಾಗಿ ಕಾಲವನ್ನು ಹೇಳುವುದಿಲ್ಲ. ಬೇರೊಂದು ಸಾಕ್ಷಿಯ ಪಕ್ಕದಲ್ಲಿ ನಿಂತಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಈ ಮಾತನ್ನು ದಖ್ಖನ್ ಲಾವಾ ಪ್ರಸ್ಥಭೂಮಿ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳು ಹಾಗೂ ಬೆಂಗಳೂರು ಪರಿಸರದ ಡೈಕ್ ಶಿಲೆಗಳ ಅಧ್ಯಯನಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ದಾಖಲೆಯ ಸ್ವರೂಪ

ಬಸಾಲ್ಟ್ ಲಾವಾದಲ್ಲಿ ಮ್ಯಾಗ್ನೆಟೈಟ್ ಗುಂಪಿನ ಖನಿಜಗಳ ಸೂಕ್ಷ್ಮ ಕಣಗಳಿರುತ್ತವೆ. ಶುದ್ಧ ಮ್ಯಾಗ್ನೆಟೈಟ್ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಉಷ್ಣತೆಯಲ್ಲಿ ಸ್ಥಿರ ಕಾಂತತ್ವವನ್ನು ಉಳಿಸಿಕೊಳ್ಳಲಾರದು. ಲಾವಾ ಆರಿ ಆ ಮಿತಿಯಿಂದ ಕೆಳಗಿಳಿಯುವಾಗ ಅಂದಿನ ಭೂಕಾಂತಕ್ಷೇತ್ರದ ದಿಕ್ಕು ಆ ಕಣಗಳಲ್ಲಿ ಅಚ್ಚಾಗುತ್ತದೆ. ಸಂಶೋಧಕರು ಬಂಡೆಯಿಂದ ಸಣ್ಣ ಸಿಲಿಂಡರ್ ಆಕಾರದ ಮಾದರಿಗಳನ್ನು ಕೊರೆದು ತೆಗೆಯುತ್ತಾರೆ. ತೆಗೆಯುವ ಮುನ್ನ ಮಾದರಿ ಬಂಡೆಯಲ್ಲಿ ಯಾವ ದಿಕ್ಕಿಗೆ, ಎಷ್ಟು ಓರೆಯಾಗಿ ಇತ್ತೆಂಬುದನ್ನು ಗುರುತುಮಾಡಿಕೊಳ್ಳುತ್ತಾರೆ. ಬಸಾಲ್ಟಿನ ಕಾಂತತ್ವವೇ ದಿಕ್ಸೂಚಿಯನ್ನು ತಪ್ಪಿಸಬಹುದಾದ್ದರಿಂದ ಸೂರ್ಯನ ನೆರಳನ್ನು ಆಧರಿಸಿಯೂ ದಿಕ್ಕನ್ನು ನಿರ್ಧರಿಸುವುದುಂಟು. ಬಳಿಕ ಪ್ರಯೋಗಾಲಯದಲ್ಲಿ ಮಾದರಿಯನ್ನು ಹಂತಹಂತವಾಗಿ ಕಾಯಿಸಿ ಅಥವಾ ಪರ್ಯಾಯ ಕಾಂತಕ್ಷೇತ್ರಕ್ಕೆ ಒಡ್ಡಿ, ಸಿಡಿಲಿನಿಂದಲೋ ಶಿಥಿಲೀಕರಣದಿಂದಲೋ ಅನಂತರ ಸೇರಿಕೊಂಡ ಕಾಂತತ್ವವನ್ನು ಕಳೆದು, ಮೂಲದ ದಿಕ್ಕನ್ನು ಹುಡುಕುತ್ತಾರೆ.

ಅಳೆಯುವುದು ಎರಡು ಕೋನಗಳನ್ನು. ಭೌಗೋಳಿಕ ಉತ್ತರದಿಂದ ಎಷ್ಟು ಸರಿದಿದೆ ಎಂಬುದು ದಿಕ್ಪಾತ. ಕ್ಷಿತಿಜಕ್ಕಿಂತ ಎಷ್ಟು ಬಾಗಿದೆ ಎಂಬುದು ನತಿ. ದೀರ್ಘಕಾಲದ ಸರಾಸರಿಯಲ್ಲಿ ನತಿಗೂ ಅಕ್ಷಾಂಶಕ್ಕೂ ಸರಳ ಸಂಬಂಧವಿದೆ: ನತಿಯ ಸ್ಪರ್ಶಕವು ಅಕ್ಷಾಂಶದ ಸ್ಪರ್ಶಕದ ಎರಡರಷ್ಟು. ಕಾಂತೀಯ ಸಮಭಾಜಕದಲ್ಲಿ ನತಿ ಶೂನ್ಯ. 1963ರಲ್ಲಿ ತುಂಬಾದಲ್ಲಿ ರಾಕೆಟ್ ಉಡಾವಣಾ ಕೇಂದ್ರ ಸ್ಥಾಪನೆಯಾಗಲು ಆ ರೇಖೆಯ ಸಾಮೀಪ್ಯವೇ ಕಾರಣವಾಗಿತ್ತು. ಧ್ರುವದಲ್ಲಿ ನತಿ 90 ಡಿಗ್ರಿ. ಹೀಗೆ ಒಂದು ಕಲ್ಲಿನ ನತಿ ಆ ನೆಲವಿದ್ದ ಅಕ್ಷಾಂಶವನ್ನು ಸೂಚಿಸುತ್ತದೆ.

ಫ್ರಾನ್ಸಿನ ಬೆರ್ನಾರ್ ಬ್ರೂನ್ 1906ರಲ್ಲಿ ಲಾವಾದ ಅಡಿಯಲ್ಲಿ ಸುಟ್ಟ ಜೇಡಿಮಣ್ಣಿನಲ್ಲಿಯೂ ಮೇಲಿನ ಲಾವಾದಲ್ಲಿಯೂ ಇಂದಿನದಕ್ಕೆ ವಿರುದ್ಧವಾದ ಕಾಂತತ್ವವನ್ನು ಕಂಡನು. ಜಪಾನಿನ ಮೊತೊನೊರಿ ಮತುಯಾಮ 1929ರಲ್ಲಿ ಇಂಥ ಶಿಲೆಗಳು ವಯಸ್ಸಿಗನುಗುಣವಾಗಿ ಗುಂಪುಗೂಡುತ್ತವೆ ಎಂದು ತೋರಿಸಿದನು. ಆದರೆ 1951ರ ಸುಮಾರಿಗೆ ಲೂಯಿ ನೀಲ್ ಕ್ಷೇತ್ರ ಬದಲಾಗದೆಯೇ ಖನಿಜವು ತಾನಾಗಿ ವಿರುದ್ಧ ದಿಕ್ಕಿನ ಕಾಂತತ್ವ ಪಡೆಯುವ ಸಾಧ್ಯತೆಯನ್ನು ಸೈದ್ಧಾಂತಿಕವಾಗಿ ಮಂಡಿಸಿದನು. ಜಪಾನಿನ ಹರುನಾ ಪರ್ವತದ ಶಿಲೆಯಲ್ಲಿ ಅಂಥ ನಡವಳಿಕೆ ಪ್ರಯೋಗದಿಂದ ಕಂಡಿತು. 1960ರ ದಶಕದಲ್ಲಿ ಕಾಕ್ಸ್, ಡೋಲ್, ಡಾಲ್ರಿಂಪಲ್ ಅವರೂ ಆಸ್ಟ್ರೇಲಿಯಾದ ಸಂಶೋಧಕರೂ ಬೇರೆ ಬೇರೆ ಖಂಡಗಳ ಲಾವಾಗಳ ವಯಸ್ಸನ್ನು ಪೊಟ್ಯಾಸಿಯಂ-ಆರ್ಗಾನ್ ವಿಧಾನದಿಂದ ಅಳೆದು, ಒಂದೇ ವಯಸ್ಸಿನ ಶಿಲೆಗಳಲ್ಲಿ ಒಂದೇ ಧ್ರುವತೆ ಇರುವುದನ್ನು ತೋರಿಸಿದ ಮೇಲಷ್ಟೇ ಸಂದೇಹ ನಿವಾರಣೆಯಾಯಿತು. ಇಲ್ಲಿ ಗಮನಿಸತಕ್ಕದ್ದೆಂದರೆ, ವಿವಾದವನ್ನು ಬಗೆಹರಿಸಿದ್ದು ಕಾಂತತ್ವದ ಇನ್ನಷ್ಟು ಮಾಪನಗಳಲ್ಲ. ಕಾಂತತ್ವಕ್ಕೆ ಹೊರಗಿನದಾದ ಕಾಲಮಾಪನ.

3. ದಖ್ಖನ್: ಮೊದಲ ಓದು

ದಖ್ಖನ್ ಲಾವಾಗಳು ಇಂದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಆವರಿಸಿವೆ. ಅವುಗಳ ದಕ್ಷಿಣದ ಅಂಚು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಹರಡಿದೆ. ಈ ಶಿಲೆಗಳ ಕಾಂತತ್ವವನ್ನು ಅಳೆಯುವ ಕೆಲಸ 1950ರ ದಶಕದಲ್ಲಿ ಆರಂಭವಾಯಿತು. ಕೇಂಬ್ರಿಡ್ಜ್‌ನ ಸಂಶೋಧನ ವಿದ್ಯಾರ್ಥಿಯಾಗಿದ್ದ ಎಡ್ವರ್ಡ್ ಇರ್ವಿಂಗ್ ದಖ್ಖನ್‌ನ ಕೆಲವೇ ಮಾದರಿಗಳನ್ನು ಅಳೆದು ಭಾರತ ಉತ್ತರಕ್ಕೆ ಚಲಿಸಿದೆಯೆಂದು ಕಂಡುಕೊಂಡನು. ಅವನ ಪ್ರೌಢಪ್ರಬಂಧ 1954ರಲ್ಲಿ ಪದವಿಗೆ ಅಂಗೀಕೃತವಾಗಲಿಲ್ಲ. 1956ರಲ್ಲಿ ಕ್ಲೆಗ್, ಡಾಯ್ಚ್, ಗ್ರಿಫಿತ್ಸ್ ಅವರ ಲೇಖನವೂ, 1959ರಲ್ಲಿ ಡಾಯ್ಚ್ ಅವರೊಂದಿಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಸಿ. ರಾಧಾಕೃಷ್ಣಮೂರ್ತಿ ಮತ್ತು ಪಿ. ಡಬ್ಲ್ಯು. ಸಹಸ್ರಬುಧೆ ಅವರ ಲೇಖನವೂ ಪ್ರಕಟವಾದವು. ಈ ಕಾರ್ಯಕ್ಕೆ ಬೇಕಾದ ಅತಿಸೂಕ್ಷ್ಮ ಕಾಂತಮಾಪಕವನ್ನು ಪಿ. ಎಂ. ಎಸ್. ಬ್ಲ್ಯಾಕೆಟ್ ರೂಪಿಸಿದ್ದು, ತಿರುಗುವ ಕಾಯಗಳೆಲ್ಲಕ್ಕೂ ಕಾಂತತ್ವವಿರುತ್ತದೆಂಬ ತನ್ನ ಊಹೆಯ ಪರೀಕ್ಷೆಗಾಗಿ. 1952ರಲ್ಲಿ ಆ ಊಹೆ ಬಿದ್ದುಹೋಯಿತು, ಉಪಕರಣ ಉಳಿಯಿತು.

ದಖ್ಖನ್ ಲಾವಾಗಳ ನತಿ ಸುಮಾರು 45ರಿಂದ 50 ಡಿಗ್ರಿಗಳಷ್ಟು. ಮೇಲೆ ಹೇಳಿದ ಸಂಬಂಧದಂತೆ ಇದು 27ರಿಂದ 31 ಡಿಗ್ರಿ ಅಕ್ಷಾಂಶಕ್ಕೆ ಸಮ. ಇಂದಿನ ಧ್ರುವತೆಯ ಲಾವಾಗಳಲ್ಲಿ ಈ ನತಿ ಕೆಳಮುಖವಾಗಿರದೆ ಮೇಲ್ಮುಖವಾಗಿದೆ. ಅಂದರೆ ಲಾವಾ ಹರಿದ ಕಾಲದಲ್ಲಿ ಈ ನೆಲ ದಕ್ಷಿಣಾರ್ಧಗೋಳದಲ್ಲಿತ್ತು. ಖಂಡಗಳ ಚಲನೆಯನ್ನು ಬಹುತೇಕ ಭೂವಿಜ್ಞಾನಿಗಳು ಒಪ್ಪದಿದ್ದ ಆ ದಿನಗಳಲ್ಲಿ ಇದು ಬಲವಾದ ಪುರಾವೆಯಾಗಿತ್ತು.

ಆ ತಂಡದ ಮುಂದಿದ್ದ ಪ್ರಶ್ನೆ ‘ಎಲ್ಲಿ’ ಎಂಬುದು, ‘ಯಾವಾಗ’ ಎಂಬುದಲ್ಲ. ಕೆಳಗಿನ ಲಾವಾಗಳಲ್ಲಿ ವಿಪರ್ಯಸ್ತ ಧ್ರುವತೆಯೂ ಮೇಲಿನವುಗಳಲ್ಲಿ ಇಂದಿನ ಧ್ರುವತೆಯೂ ಇರುವುದನ್ನು ಅವರು ದಾಖಲಿಸಿದರು. ಅದಕ್ಕಿದ್ದ ಕಾಲಸೂಚಕ ಮಹತ್ವ ಅಂದು ಗೌಣವಾಗಿತ್ತು. ವಿಶ್ವಮಟ್ಟದ ಜನಪ್ರಿಯ ಬರವಣಿಗೆಗಳಲ್ಲಿ ದಖ್ಖನ್‌ನ ಕಾಂತಚರಿತ್ರೆ 1986ರಿಂದಲೇ ಆರಂಭವಾದಂತೆ ಕಾಣುತ್ತದೆ. 1991ರಲ್ಲಿ ವಾಂದಾಮ್ ಮತ್ತು ಸಹವರ್ತಿಗಳು ಮಾಡಿದ ಸಮಗ್ರ ಸಮೀಕ್ಷೆ ಹಿಂದಿನವರ ಮಾಪನಗಳನ್ನು ಒಳಗೊಂಡೇ ರೂಪುಗೊಂಡದ್ದು ಎಂಬುದನ್ನು ಇಲ್ಲಿ ನೆನೆಯಬೇಕು.

4. ಎತ್ತರದ ಸೂತ್ರ

ಈ ಮೊದಲ ಓದಿನಿಂದ ಒಂದು ಅನುಕೂಲಕರ ಸೂತ್ರ ಹುಟ್ಟಿಕೊಂಡಿತು. ಪಶ್ಚಿಮ ಘಟ್ಟಗಳಲ್ಲಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್‌ಗಿಂತ ಕೆಳಗಿನ ಲಾವಾಗಳು ವಿಪರ್ಯಸ್ತ, ಅದಕ್ಕಿಂತ ಮೇಲಿನವು ಇಂದಿನ ಧ್ರುವತೆಯವು ಎಂಬುದೇ ಆ ಸೂತ್ರ. ಲಾವಾ ಪದರಗಳು ಕಣ್ಣಿಗೆ ಸಮತಲವಾಗಿಯೇ ತೋರುವುದರಿಂದ, ಒಂದು ಕಡೆ ಕಂಡ ಎತ್ತರವನ್ನು ಇನ್ನೊಂದು ಕಡೆಗೂ ಅನ್ವಯಿಸುವುದು ಸಹಜವೆನಿಸಿತು.

ಈ ಅನ್ವಯ ನಿಲ್ಲತಕ್ಕದ್ದಲ್ಲ. ಘಟ್ಟಗಳ ಲಾವಾ ಪದರಗಳು ಒಟ್ಟಾರೆಯಾಗಿ ದಕ್ಷಿಣಕ್ಕೆ ಇಳಿಜಾರಾಗಿವೆ. ಆ ಇಳಿಜಾರು ಒಂದು ಡಿಗ್ರಿಗಿಂತಲೂ ಕಡಿಮೆ. ಬಂಡೆಯ ಮುಂದೆ ನಿಂತವನಿಗೆ ಅದು ಗೋಚರಿಸದು. ಆದರೆ ಕೇವಲ ಅರ್ಧ ಡಿಗ್ರಿಯ ಇಳಿಜಾರು ಕೂಡ 100 ಕಿಲೋಮೀಟರ್ ದೂರದಲ್ಲಿ ಒಂದು ಪದರವನ್ನು ಸುಮಾರು 870 ಮೀಟರ್ ಕೆಳಗಿಳಿಸುತ್ತದೆ. ಮಹಾಬಳೇಶ್ವರದಿಂದ ಬೆಳಗಾವಿಯವರೆಗಿನ ದೂರ ಇದಕ್ಕಿಂತ ಬಹಳ ಹೆಚ್ಚು. ಹೀಗಿರುವಾಗ ಎತ್ತರವನ್ನು ಕಾಲದ ಬದಲಿಗೆ ಬಳಸುವುದು, ಬಾವಿಯ ಆಳದಿಂದ ಅದರ ವಯಸ್ಸನ್ನು ಹೇಳಿದಂತೆ.

1980ರ ದಶಕದಿಂದ ಮುಂದುವರಿದ ಭೂರಾಸಾಯನಿಕ ಅಧ್ಯಯನ ಇದಕ್ಕೆ ಪರಿಹಾರ ಒದಗಿಸಿತು. ಲಾವಾಗಳ ರಾಸಾಯನಿಕ ಲಕ್ಷಣಗಳನ್ನು ಆಧರಿಸಿ ಅವುಗಳನ್ನು ಅನುಕ್ರಮದಲ್ಲಿ ಜೋಡಿಸಲಾಯಿತು. ಪೋಲಾದಪುರ, ಅಂಬೆನಳಿ, ಮಹಾಬಳೇಶ್ವರ, ಪನ್ಹಾಳ ಸ್ತರಸಮೂಹಗಳ ಮೇಲೆ ಕೊನೆಯದಾಗಿ ನಿಲ್ಲುವ ಸ್ತರಸಮೂಹಕ್ಕೆ ಬೆಳಗಾವಿಯ ಬಳಿಯ ದೇಸೂರಿನ ಹೆಸರಿಡಲಾಗಿದೆ. ದಕ್ಷಿಣಕ್ಕೆ ಬಂದಂತೆ ಕಿರಿಯ ಪದರಗಳು ಕೆಳಗಿನ ಮಟ್ಟಕ್ಕೆ ಇಳಿದುಬರುವುದನ್ನು 1991ರ ಮಿಚೆಲ್ ಮತ್ತು ವಿಡೋಸನ್ ಅವರ ಭೂಪಟ ಸ್ಪಷ್ಟಪಡಿಸಿತು. ಮಹಾಬಳೇಶ್ವರ ಪ್ರಸ್ಥಭೂಮಿಯ ಕಾಂತತ್ವವನ್ನು ಜೇ ಮತ್ತು ಸಹವರ್ತಿಗಳು 2009ರಲ್ಲಿ ಮರುಪರಿಶೀಲಿಸಿದಾಗ, ವಿಪರ್ಯಯದ ಗಡಿಯನ್ನು ಎತ್ತರದಿಂದಲ್ಲದೆ ಸ್ತರಾನುಕ್ರಮದೊಳಗಿನ ಸ್ಥಾನದಿಂದ ಗುರುತಿಸುವ ಕ್ರಮವೇ ಮುಂದುವರಿಯಿತು.

ಕರ್ನಾಟಕದ ಮಟ್ಟಿಗೆ ಇನ್ನೊಂದು ತೊಡಕಿದೆ. ಬೆಳಗಾವಿ ಮತ್ತು ಬೀದರ್ ಪ್ರಸ್ಥಭೂಮಿಗಳ ನೆತ್ತಿಯ ಲಾವಾ ಜಂಬಿಟ್ಟಿಗೆಯಾಗಿ ಮಾರ್ಪಟ್ಟಿದೆ. ಜಂಬಿಟ್ಟಿಗೆಯ ಕಬ್ಬಿಣದ ಆಕ್ಸೈಡುಗಳು ಲಾವಾ ಆರಿದಾಗ ಹುಟ್ಟಿದವಲ್ಲ. ಮಳೆ-ಬಿಸಿಲಿನ ಕ್ರಿಯೆಯಿಂದ ಬಹುಕಾಲದ ಮೇಲೆ ರೂಪುಗೊಂಡವು. ಅವು ಹೇಳುವುದು ಶಿಥಿಲೀಕರಣದ ಕಾಲದ ಕ್ಷೇತ್ರವನ್ನು. ಈ ಗುಣವನ್ನೇ ಬಳಸಿಕೊಂಡು 1983ರಲ್ಲಿ ಷ್ಮಿಟ್, ಪ್ರಸಾದ್, ರಾಮಂ ಅವರು ಭಾರತದ ಕೆಲವು ಜಂಬಿಟ್ಟಿಗೆಗಳ ಕಾಂತೀಯ ವಯಸ್ಸನ್ನು ಚರ್ಚಿಸಿದ್ದಾರೆ. ಆದರೆ ನೆತ್ತಿಯ ಕಲ್ಲಿನ ಧ್ರುವತೆಯನ್ನು ಲಾವಾದ ಧ್ರುವತೆಯೆಂದು ಭ್ರಮಿಸಿದರೆ ಇಡೀ ಅನುಕ್ರಮವೇ ತಪ್ಪುತ್ತದೆ. ಹಳೆಯ ತಾಳೆಗರಿಯ ಮೇಲೆ ಅನಂತರದ ಲಿಪಿಕಾರ ಸೇರಿಸಿದ ಸಾಲನ್ನು ಮೂಲಪಾಠವೆಂದು ತೆಗೆದುಕೊಂಡ ಸಂಪಾದಕನ ಸ್ಥಿತಿ ಅದು.

5. ದಖ್ಖನ್: ಎರಡನೆಯ ಓದು

1986ರಲ್ಲಿ ಕೂರ್ಟಿಯೋ ಮತ್ತು ಸಹವರ್ತಿಗಳು ಹಳೆಯ ದಾಖಲೆಯನ್ನು ಹೊಸ ಪ್ರಶ್ನೆಯೊಂದಿಗೆ ಓದಿದರು. ಅಲ್ಲಿಯವರೆಗಿನ ಪೊಟ್ಯಾಸಿಯಂ-ಆರ್ಗಾನ್ ಮಾಪನಗಳು ದಖ್ಖನ್ ಲಾವಾಗಳಿಗೆ 8 ಕೋಟಿಯಿಂದ 3 ಕೋಟಿ ವರ್ಷಗಳವರೆಗೆ ಚದುರಿದ ವಯಸ್ಸುಗಳನ್ನು ನೀಡಿದ್ದವು. ಲಾವಾಗಳು ನಿಜವಾಗಿಯೂ ಅಷ್ಟು ದೀರ್ಘಕಾಲ ಹರಿದಿದ್ದರೆ ಅವುಗಳಲ್ಲಿ ಹತ್ತಾರು ವಿಪರ್ಯಯಗಳು ದಾಖಲಾಗಿರಬೇಕಿತ್ತು. ಕಂಡದ್ದಾದರೋ ಮುಖ್ಯವಾಗಿ ಮೂರೇ ಖಂಡಗಳು: ಕೆಳಗೆ ಕೆಲವೆಡೆ ಇಂದಿನ ಧ್ರುವತೆ, ನಡುವೆ ದಪ್ಪನಾದ ವಿಪರ್ಯಸ್ತ ಭಾಗ, ಮೇಲೆ ಮತ್ತೆ ಇಂದಿನ ಧ್ರುವತೆ. ಆದುದರಿಂದ ಬಹುಪಾಲು ಲಾವಾ ಅಲ್ಪಾವಧಿಯಲ್ಲಿ ಹೊರಬಂದಿದೆ, ಮತ್ತು ಆ ಅವಧಿ ಡೈನೋಸಾರುಗಳ ಅಳಿವಿನ ಕಾಲವನ್ನು ಒಳಗೊಂಡಿದೆ ಎಂಬುದು ಅವರ ವಾದ. ನಡುವಿನ ವಿಪರ್ಯಸ್ತ ಭಾಗವನ್ನು ‘29ಆರ್’ ಎಂಬ ಅವಧಿಯೊಂದಿಗೆ ಸಮೀಕರಿಸಲಾಯಿತು.

ವಾದ ಚೆಲುವಾಗಿದೆ, ಫಲಿತಾಂಶವೂ ಬಹುಮಟ್ಟಿಗೆ ನಿಂತಿದೆ. ಆದರೆ ಅದನ್ನು ನಿಲ್ಲಿಸಿದ ಆಧಾರಗಳಾವುವು ಎಂಬುದನ್ನು ವಿಮರ್ಶಕನು ಬಿಡಿಸಿ ನೋಡಬೇಕು. ‘29’ ಎಂಬ ಸಂಖ್ಯೆ ದಖ್ಖನ್ ಕಲ್ಲಿನಲ್ಲಿ ಬರೆದಿಲ್ಲ. ಅದು ಸಾಗರತಳದಿಂದ ಎರವಲು ತಂದ ಸಂಖ್ಯೆ. ಸಾಗರದ ನಡುವಣ ಏಣುಗಳಲ್ಲಿ ಹೊಸ ತಳ ಹುಟ್ಟಿ ಎರಡೂ ಕಡೆಗೆ ಸರಿಯುತ್ತ ವಿಪರ್ಯಯಗಳನ್ನು ಪಟ್ಟೆಗಳಾಗಿ ದಾಖಲಿಸುತ್ತದೆಂದು ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ವಿವರಿಸಿದರು. ಅವರು ಮುಖ್ಯವಾಗಿ ಬಳಸಿಕೊಂಡದ್ದು ವಾಯವ್ಯ ಹಿಂದೂ ಮಹಾಸಾಗರದ ಕಾರ್ಲ್ಸ್‌ಬರ್ಗ್ ಏಣಿನ ಸಮೀಕ್ಷೆಯನ್ನು. ಆ ಪಟ್ಟೆಗಳನ್ನು ಇಂದಿನಿಂದ ಹಿಂದಕ್ಕೆ ಎಣಿಸಿದಾಗ 29ನೆಯದು ಸಿಗುತ್ತದೆ. ಭೂಮಿಯ ಮೇಲಿನ ಲಾವಾರಾಶಿಯಲ್ಲಿ ಹೀಗೆ ಇಂದಿನಿಂದ ಎಣಿಸಿಕೊಂಡು ಹೋಗುವ ಸೌಲಭ್ಯವಿಲ್ಲ. ಲಾವಾ ಪದರಗಳ ಕೆಳಗೂ ನಡುವೆಯೂ ಇರುವ ಕೆರೆ-ಹೊಳೆಗಳ ಸಂಚಯಗಳಲ್ಲಿ ದೊರೆತ ಕ್ರಿಟೇಷಿಯಸ್ ಅಂತ್ಯದ ಜೀವಾವಶೇಷಗಳೇ ‘ಇದು ಬೇರಾವ ವಿಪರ್ಯಸ್ತ ಅವಧಿಯೂ ಅಲ್ಲ, 29ಆರ್’ ಎಂದು ಹೇಳಲು ನೆರವಾದವು.

ಮುಂದೆ 2015ರಲ್ಲಿಯೂ 2019ರಲ್ಲಿಯೂ ಶೋನೆ ಮತ್ತು ಸಹವರ್ತಿಗಳು ಲಾವಾ ಪದರಗಳ ನಡುವಣ ಜಿರ್ಕಾನ್ ಹರಳುಗಳಿಂದ, ಸ್ಪ್ರೇನ್ ಮತ್ತು ಸಹವರ್ತಿಗಳು 2019ರಲ್ಲಿ ಆರ್ಗಾನ್ ವಿಧಾನದಿಂದ, ಮುಖ್ಯ ಲಾವಾರಾಶಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ 10 ಲಕ್ಷ ವರ್ಷಗಳಷ್ಟು ಅಥವಾ ಅದಕ್ಕಿಂತ ಕಡಿಮೆ ಅವಧಿಯಲ್ಲಿ ಹೊರಬಂದಿತೆಂದು ತೋರಿಸಿದರು. ಆದರೆ ಅಳಿವಿನ ಗಡಿಗೆ ಹೋಲಿಸಿದಾಗ ಯಾವ ಹಂತದಲ್ಲಿ ಎಷ್ಟು ಲಾವಾ ಹೊರಬಂದಿತೆಂಬ ವಿಷಯದಲ್ಲಿ ಇವೆರಡು ತಂಡಗಳ ನಿರ್ಣಯಗಳು ಭಿನ್ನವಾಗಿವೆ. ಈ ಭಿನ್ನತೆಯನ್ನು ಧ್ರುವತೆ ತೀರ್ಮಾನಿಸಲಾರದು. 29ಆರ್ ಅವಧಿ ಸುಮಾರು 6ರಿಂದ 7 ಲಕ್ಷ ವರ್ಷಗಳಷ್ಟು ಉದ್ದದ್ದು. ಅಷ್ಟೂ ಕಾಲ ಹರಿದ ಲಾವಾಗಳೆಲ್ಲ ಒಂದೇ ಅಕ್ಷರವನ್ನು ಉಚ್ಚರಿಸುತ್ತವೆ. ಅಳಿವಿಗೆ ದಖ್ಖನ್ ಲಾವಾವೇ ಕಾರಣವೆಂದು ವಿಪರ್ಯಯದ ಸಾಕ್ಷ್ಯದಿಂದ ಸಿದ್ಧವಾಗಿದೆ ಎನ್ನುವ ಬರಹಗಳು ಈ ಕಾರಣದಿಂದ ಅತಿವ್ಯಾಪ್ತಿದೋಷಕ್ಕೆ ಒಳಗಾಗಿವೆ. ಸಮಕಾಲೀನತೆಯನ್ನು ತೋರಿಸುವುದು ಒಂದು, ಕಾರ್ಯಕಾರಣವನ್ನು ಸಾಧಿಸುವುದು ಮತ್ತೊಂದು.

6. ಸೇಂಟ್ ಮೇರೀಸ್ ದ್ವೀಪಗಳು: ವಿಪರ್ಯಯವಿಲ್ಲದ ಕಾಲ

1986ರ ವಾದದ ತಿರುಳು ‘ವಿಪರ್ಯಯಗಳು ಕಡಿಮೆ, ಆದುದರಿಂದ ಕಾಲವೂ ಕಡಿಮೆ’ ಎಂಬುದು. ಇದು ಎಲ್ಲ ಕಾಲಕ್ಕೂ ಸಲ್ಲುವ ನಿಯಮವಲ್ಲ ಎಂಬುದಕ್ಕೆ ನಮ್ಮ ಕರಾವಳಿಯಲ್ಲಿಯೇ ನಿದರ್ಶನವಿದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಳಂತಹ ಶಿಲೆಗಳ ಕಾಂತತ್ವವನ್ನೂ ವಯಸ್ಸನ್ನೂ ವಾಳಸಂಗಕರ್, ರಾಧಾಕೃಷ್ಣಮೂರ್ತಿ, ಸುಬ್ಬರಾವ್, ಬೆಕಿನ್‌ಸೇಲ್ ಅವರು ಅಧ್ಯಯನ ಮಾಡಿದರು. ಅವರ ಲೇಖನ 1981ರಲ್ಲಿ ಬೆಂಗಳೂರಿನ ಜಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಮೂರನೆಯ ಸ್ಮರಣಗ್ರಂಥದಲ್ಲಿ ಪ್ರಕಟವಾಯಿತು. ಬಳಿಕ ಬೇರೆ ಬೇರೆ ವಿಧಾನಗಳಿಂದ ದೊರೆತ ವಯಸ್ಸುಗಳು ಸುಮಾರು 8.5 ಕೋಟಿಯಿಂದ 9.1 ಕೋಟಿ ವರ್ಷಗಳು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಘಟನೆಗೆ ಈ ಶಿಲೆಗಳು ಸಂಬಂಧಿಸಿವೆ.

ಈ ವಯಸ್ಸುಗಳಲ್ಲಿ ಯಾವುದನ್ನು ಒಪ್ಪಿದರೂ ಅದು ಬೀಳುವುದು ಕ್ರಿಟೇಷಿಯಸ್ ಕಾಲದ ದೀರ್ಘ ಸ್ಥಿರಾವಧಿಯೊಳಗೆ. ಸುಮಾರು 12.1 ಕೋಟಿಯಿಂದ 8.3 ಕೋಟಿ ವರ್ಷಗಳ ಹಿಂದಿನವರೆಗೆ ಭೂಕಾಂತಕ್ಷೇತ್ರ ಬಹುತೇಕ ಬದಲಾಗದೆ ಒಂದೇ ಧ್ರುವತೆಯಲ್ಲಿತ್ತು. ಆ ಅವಧಿಯಲ್ಲಿ 3 ಕೋಟಿ ವರ್ಷಗಳ ಕಾಲ ಲಾವಾ ಹರಿದಿದ್ದರೂ ಅದರಲ್ಲಿ ವಿಪರ್ಯಯ ಕಾಣದು. ಹೋಲಿಕೆಗೆ ಹೇಳುವುದಾದರೆ, ಇಂದಿನ ಧ್ರುವತೆ ಆರಂಭವಾಗಿ ಸುಮಾರು 7.73 ಲಕ್ಷ ವರ್ಷಗಳಷ್ಟೇ ಆಗಿವೆ. ವಿಪರ್ಯಯದ ಅಭಾವ ಅಲ್ಪಕಾಲವನ್ನು ಸೂಚಿಸುತ್ತದೆಯೋ ಸ್ಥಿರಕಾಲವನ್ನು ಸೂಚಿಸುತ್ತದೆಯೋ ಎಂಬುದು, ಆ ಶಿಲೆ ಯಾವ ಯುಗದ್ದೆಂಬುದು ಮೊದಲೇ ಗೊತ್ತಿದ್ದರೆ ಮಾತ್ರ ತಿಳಿಯುತ್ತದೆ. ದಖ್ಖನ್ ವಾದ ಗೆದ್ದದ್ದು ಆ ಯುಗದಲ್ಲಿ ವಿಪರ್ಯಯಗಳು ಮೇಲಿಂದ ಮೇಲೆ ನಡೆಯುತ್ತಿದ್ದವೆಂಬ ಹೊರಗಿನ ತಿಳಿವಳಿಕೆಯ ಬಲದಿಂದ.

7. ಬೆಂಗಳೂರಿನ ಡೈಕ್‌ಗಳು: ಹೆಸರೇ ಇಲ್ಲದ ಧ್ರುವತೆ

ಯಲಹಂಕ, ಹೆಬ್ಬಾಳ, ಯಶವಂತಪುರಗಳ ನೆಲದಲ್ಲಿ ದಖ್ಖನ್ ಲಾವಾ ಇಲ್ಲ. ಇಲ್ಲಿರುವುದು ಅತಿಪ್ರಾಚೀನವಾದ ನೈಸ್ ಶಿಲೆ. ಆದರೆ ಈ ಪ್ರದೇಶದ ಸುತ್ತುಮುತ್ತ ಆ ನೈಸನ್ನು ಸೀಳಿಕೊಂಡು ಶಿಲಾದ್ರವ ಬಿರುಕುಗಳಲ್ಲಿ ನುಗ್ಗಿ ಗಟ್ಟಿಯಾದ ಗೋಡೆಯಾಕಾರದ ಕಪ್ಪುಕಲ್ಲಿನ ಡೈಕ್‌ಗಳಿವೆ. ನೆಲದ ಮೇಲೆ ಹರಿಯುವ ಲಾವಾದ ಸಹೋದರ ಶಿಲೆಗಳಿವು. ಕಾಂತತ್ವವನ್ನು ದಾಖಲಿಸುವ ಕ್ರಮವೂ ಒಂದೇ. ಹಾಲ್ಸ್, ಅನಿಲ್ ಕುಮಾರ್, ಶ್ರೀನಿವಾಸನ್, ಹ್ಯಾಮಿಲ್ಟನ್ ಅವರು 2007ರಲ್ಲಿ ನಗರದ ದಕ್ಷಿಣಕ್ಕಿರುವ ಹಾರೋಹಳ್ಳಿಯ ಮತ್ತು ಉತ್ತರಕ್ಕೆ ಆಂಧ್ರದ ಗಡಿಯಾಚೆಗಿನ ಪೆನುಗೊಂಡೆಯ ಡೈಕ್‌ಗಳ ವಯಸ್ಸನ್ನು ಯುರೇನಿಯಂ-ಸೀಸ ವಿಧಾನದಿಂದ ಅಳೆದು, ಎರಡೂ ಸುಮಾರು 236.5 ಕೋಟಿ ವರ್ಷಗಳಷ್ಟು ಹಳೆಯವೆಂದು ತೋರಿಸಿದರು. ಈ ಡೈಕ್ ಸಮೂಹಕ್ಕೆ ಬೆಂಗಳೂರಿನ ಹೆಸರೇ ಬಂದಿದೆ. ಉತ್ತರ ಬೆಂಗಳೂರು ಈ ಎರಡು ಸ್ಥಳಗಳ ನಡುವೆ ಇದೆ.

ಈ ಡೈಕ್‌ಗಳ ನತಿ ಬಹಳ ಕಡಿದಾದದ್ದು. ಅಂದರೆ ಅಂದು ಈ ನೆಲ ಧ್ರುವಕ್ಕೆ ಹತ್ತಿರವಿತ್ತು. ಯಾವ ಧ್ರುವಕ್ಕೆ? ಈ ಪ್ರಶ್ನೆಗೆ ಕಲ್ಲಿನಲ್ಲಿ ಉತ್ತರವಿಲ್ಲ. ಕೆಳಮುಖವಾದ ನತಿ, ಇಂದಿನ ಧ್ರುವತೆಯ ಕಾಲದಲ್ಲಿ ಉತ್ತರಾರ್ಧಗೋಳದ ನೆಲವನ್ನೂ ಸೂಚಿಸಬಹುದು, ವಿಪರ್ಯಸ್ತ ಕಾಲದಲ್ಲಿ ದಕ್ಷಿಣಾರ್ಧಗೋಳದ ನೆಲವನ್ನೂ ಸೂಚಿಸಬಹುದು. ದಖ್ಖನ್ ವಿಷಯದಲ್ಲಿ ಈ ಇಕ್ಕಟ್ಟು ಬಗೆಹರಿಯುವುದು, ಭಾರತದ ಚಲನೆಯ ಹಾದಿಯನ್ನು ಇಂದಿನಿಂದ 6.6 ಕೋಟಿ ವರ್ಷಗಳವರೆಗೆ ಕಡಿಯದೆ ಹಿಂಬಾಲಿಸಲು ಸಾಧ್ಯವಿರುವುದರಿಂದ. 236.5 ಕೋಟಿ ವರ್ಷಗಳವರೆಗೆ ಅಂಥ ಅಖಂಡ ಹಾದಿ ನಮಗೆ ದೊರೆತಿಲ್ಲ. ಆದುದರಿಂದ ಇಷ್ಟು ಹಳೆಯ ಎರಡು ಶಿಲೆಗಳ ಕಾಂತತ್ವ ಪರಸ್ಪರ ವಿರುದ್ಧವಾಗಿದೆ ಎನ್ನಬಹುದೇ ಹೊರತು, ಅವುಗಳಲ್ಲಿ ‘ವಿಪರ್ಯಸ್ತ’ ಯಾವುದೆಂದು ಹೇಳುವಂತಿಲ್ಲ.

8. ಪರಿಭಾಷೆಯ ಪ್ರಶ್ನೆ

ಈ ವಿವೇಚನೆ ಕನ್ನಡದ ಪರಿಭಾಷೆಗೂ ಸಂಬಂಧಿಸುತ್ತದೆ. ‘ಧ್ರುವಪಲ್ಲಟ’ ಎಂಬ ಪದ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದಾಗಿಸುತ್ತದೆ: ಕಾಂತಧ್ರುವತೆ ತಿರುಗುವುದು, ಕಾಂತಧ್ರುವಗಳು ನಿಧಾನವಾಗಿ ಅಲೆಯುವುದು, ಖಂಡಗಳ ಚಲನೆಯಿಂದಾಗಿ ಧ್ರುವ ಅಲೆದಂತೆ ತೋರುವುದು. ‘ಭೂಮಿ ತಲೆಕೆಳಗಾಗುವುದು’ ಎಂಬ ಪ್ರಯೋಗವಂತೂ ಭೂಮಿಯ ಅಕ್ಷವೇ ಮಗುಚುವುದೆಂಬ ಭ್ರಮೆಗೆ ಎಡೆಮಾಡುತ್ತದೆ. ಬದಲಾಗುವುದು ಹೊರಗರ್ಭದ ದ್ರವಲೋಹದ ಚಲನೆಯಿಂದ ಹುಟ್ಟುವ ಕ್ಷೇತ್ರ, ಭೂಮಿಯ ತಿರುಗುವಿಕೆಯಲ್ಲ. ಇಂದಿನ ದಿಕ್ಕಿಗೆ ‘ಸಹಜ’ ಎನ್ನುವ ವಾಡಿಕೆಯೂ ಪರಿಶೀಲನಾರ್ಹ. ಒಂದನ್ನು ಸಹಜವೆಂದೊಡನೆ ಇನ್ನೊಂದು ಅಸಹಜವಾಗುತ್ತದೆ. ಕ್ಷೇತ್ರಕ್ಕೆ ಎರಡೂ ಸ್ಥಿತಿಗಳು ಸಮಾನ. ‘ಧ್ರುವತೆಯ ವಿಪರ್ಯಯ’, ‘ಇಂದಿನ ಧ್ರುವತೆ’, ‘ವಿಪರ್ಯಸ್ತ ಧ್ರುವತೆ’ ಎಂಬ ಪದಗಳು ಹೆಚ್ಚು ನಿರ್ದುಷ್ಟವಾಗಿವೆ ಎಂಬುದು ಈ ಲೇಖಕನ ಅಭಿಪ್ರಾಯ.

9. ಉಪಸಂಹಾರ

ಮೇಲಿನ ಮೂರು ನಿದರ್ಶನಗಳು ಮೂರು ಮಿತಿಗಳನ್ನು ತೋರಿಸುತ್ತವೆ. ದಖ್ಖನ್‌ನಲ್ಲಿ ಧ್ರುವತೆಗೆ ಸ್ತರಾನುಕ್ರಮದ, ಜೀವಾವಶೇಷಗಳ, ಕಾಲಮಾಪನದ ಆಸರೆ ಬೇಕಾಯಿತು. ಸೇಂಟ್ ಮೇರೀಸ್‌ನಲ್ಲಿ ವಿಪರ್ಯಯದ ಅಭಾವವನ್ನು ಅರ್ಥೈಸಲು ವಯಸ್ಸು ಮೊದಲೇ ತಿಳಿದಿರಬೇಕಾಯಿತು. ಬೆಂಗಳೂರಿನ ಡೈಕ್‌ಗಳಲ್ಲಿ ಧ್ರುವತೆಗೆ ಹೆಸರಿಡಲೂ ಆಗದು. ಇದರಿಂದ ಈ ವಿಧಾನದ ಬೆಲೆ ತಗ್ಗುವುದಿಲ್ಲ. ಇತರ ಸಾಕ್ಷ್ಯಗಳ ಜೊತೆಗೂಡಿದಾಗ, ನೂರಾರು ಕಿಲೋಮೀಟರ್ ಅಂತರದ ಶಿಲೆಗಳನ್ನು ಒಂದೇ ಕ್ಷಣಕ್ಕೆ ಕಟ್ಟಿಹಾಕುವ ಶಕ್ತಿ ಇದಕ್ಕಿದೆ. ರಾಧಾಕೃಷ್ಣಮೂರ್ತಿಯವರು 1993ರಲ್ಲಿ ಬೆಂಗಳೂರಿನ ಅದೇ ಸೊಸೈಟಿಯಿಂದ ಹೊರತಂದ ‘ಮ್ಯಾಗ್ನೆಟಿಸಂ ಅಂಡ್ ಬಸಾಲ್ಟ್ಸ್’ ಗ್ರಂಥ ಬಸಾಲ್ಟಿನ ಕಾಂತತ್ವಕ್ಕೇ ಮೀಸಲಾದದ್ದು. ದಿಕ್ಕನ್ನು ನಂಬುವ ಮುನ್ನ ಅದನ್ನು ಹೊತ್ತ ಖನಿಜಕಣಗಳ ಸ್ವರೂಪವನ್ನು ಅರಿಯಬೇಕೆಂಬ ಕಾಳಜಿ ಅವರ ಸಂಶೋಧನೆಯುದ್ದಕ್ಕೂ ಇದೆ.

ಕೊನೆಯದಾಗಿ ಒಂದು ಮಾತು. ವೀರಗಲ್ಲನ್ನು ನೆಲೆಯಿಂದ ಕಿತ್ತರೂ ಅದರ ಅಕ್ಷರಗಳನ್ನು ಓದಬಹುದು. ಲಾವಾ ಶಿಲೆಯ ಪಾಡು ಹಾಗಲ್ಲ. ನೆಲೆಯಿಂದ ಕದಲಿದ ಕ್ಷಣವೇ ಅದರ ದಿಕ್ಕು ಕಳೆದುಹೋಗುತ್ತದೆ. ಉಳಿಯುವುದು ಬರಿಯ ಕಲ್ಲು. ಕಲ್ಲುಗಣಿಗಾರಿಕೆ, ರಸ್ತೆ, ಬಡಾವಣೆಗಳಿಂದ ಬೆಂಗಳೂರಿನ ಸುತ್ತಣ ಡೈಕ್‌ಗಳೂ ಉತ್ತರ ಕರ್ನಾಟಕದ ಲಾವಾ ದಿಬ್ಬಗಳೂ ಸವೆಯುತ್ತಿರುವಾಗ, ಪ್ರತಿ ಜಿಲ್ಲೆಯಲ್ಲಿ ಕೆಲವು ಪ್ರಮುಖ ಶಿಲಾನೆಲೆಗಳನ್ನಾದರೂ ಗುರುತಿಸಿ, ದಿಕ್ಕು ಸಹಿತವಾಗಿ ಮಾದರಿಗಳನ್ನು ತೆಗೆದಿರಿಸಿ, ಆ ದಾಖಲೆಗಳು ಎಲ್ಲ ಸಂಶೋಧಕರಿಗೂ ದೊರೆಯುವಂತೆ ಮಾಡುವುದು ಅಗತ್ಯ. ಶಾಸನಗಳ ವಿಷಯದಲ್ಲಿ ನಾಡು ಒಂದು ಶತಮಾನಕ್ಕೂ ಹಿಂದೆಯೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂಲಕ ಈ ಕೆಲಸವನ್ನು ಆರಂಭಿಸಿತು. ಶಿಲೆಗಳ ವಿಷಯದಲ್ಲಿಯೂ ಅಂಥ ಸಂಕಲನ ನಡೆಯಬೇಕು.